ಬಾವಿಯ ಅಂಜನಿ ಕಡಲಿಗಿಳಿದದ್ದು

"ಬಾವಿಗೆ ಬಿಂದಿಗೆ ಬಿತ್ತಾ? ಪಾತಾಳಗರಡಿ ಹುಡುಕ್ಬೇಡ್ರವ್ವ, ಕೆಂಚಪ್ಪನ ಮಗಳನ್ನ ಕೂಗಿ."

ಕೆಂಗೇರಿಯ ಆಚೆಗಿನ ಆ ಊರಿನಲ್ಲಿ ಅಕ್ಕಪಕ್ಕದವರು ಆಡುತ್ತಿದ್ದ ಮಾತು ಇದು. ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲು ಕಟ್ಟಿ, ಬಾವಿಯ ತಳ ತಡಕಿ, ಬಿದ್ದ ಪಾತ್ರೆ ಎತ್ತುವ ಪಾತಾಳಗರಡಿ ಊರಿಗೆಲ್ಲ ಇದ್ದದ್ದು ಒಂದೇ. ಅದು ಈಗ ಯಾರ ಮನೆಯ ಅಟ್ಟದಲ್ಲಿದೆ ಎಂದು ವಿಚಾರಿಸುವಷ್ಟರಲ್ಲಿ ಕೆಂಚಪ್ಪನ ಮಗಳು ಅಂಜನಿ ಲಂಗ ಎತ್ತಿ ಕಟ್ಟಿ, ಬಾವಿಗೆ ಹಾರಿ, ಬಿಂದಿಗೆ ಸಮೇತ ಮೇಲೆ ಬಂದಾಗಿರುತ್ತಿತ್ತು. ಅದಕ್ಕೆ ಕೂಲಿ ಒಂದು ಅಚ್ಚು ಬೆಲ್ಲ.

"ಈ ಹೆಣ್ಣಿನ ಹೊಟ್ಟೇಲಿ ಮೀನಿದೆ ಕಣ್ರೇ" ಎನ್ನುವಳು ಒಬ್ಬಳು. "ಮೀನಲ್ಲ, ಮೊಸಳೆ. ಇದನ್ನ ಯಾವ ಪುಣ್ಯಾತ್ಮ ಕಟ್ಕೋತಾನೋ" ಎನ್ನುವಳು ಇನ್ನೊಬ್ಬಳು. ತಾಯಿ ಬೋರಮ್ಮ ಮಾತ್ರ ಬಾವಿಕಟ್ಟೆಗೆ ಆತು ನಿಂತು, ತಾನೂ ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. ಐವತ್ತು, ಅರವತ್ತು, ಎಂಬತ್ತು. ನೀರು ಒಡೆದು ಮಗಳ ತಲೆ ಕಂಡ ಮೇಲೆ ಅವಳ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಬಾರೇ ಮೇಲೆ, ಇವತ್ತು ನಿನ್ನ ಕಾಲು ಮುರೀತೀನಿ!"

ಬೋರಮ್ಮನಿಗೆ ಗೊತ್ತಿಲ್ಲದ ಗುಟ್ಟೊಂದಿತ್ತು. ಬಿಂದಿಗೆ ಕೈಗೆ ಸಿಗುತ್ತಿದ್ದದ್ದು ಮೂವತ್ತಕ್ಕೇ. ಉಳಿದ ಐವತ್ತು ಎಣಿಕೆ ಅಂಜನಿ ಸುಮ್ಮನೆ ನೋಡುತ್ತಿದ್ದಳು. ನಡುಹಗಲಿನ ಬಿಸಿಲು ನೀರಿನೊಳಗೆ ಕಂಬದ ಹಾಗೆ ಇಳಿಯುತ್ತಿತ್ತು. ತಳದ ಬಂಡೆಯ ಬಿರುಕಿನಿಂದ ಜಲ ಉಕ್ಕಿ ಅಲ್ಲಿ ಮರಳು ಕುಣಿಯುತ್ತಿತ್ತು. ಇನ್ನೊಂದಿಷ್ಟು ಹೊತ್ತು ನೋಡೋಣ ಎನ್ನುವಷ್ಟರಲ್ಲಿ ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಒಂದು ಉಸಿರಿಗೆ ಸಿಗುವುದು ಅಷ್ಟೇ ತಾನೆ. ಒಂದೇ ಒಂದು ಸಲ, ಸಾಕಪ್ಪಾ ಸಾಕು ಅನ್ನುವಷ್ಟು ಹೊತ್ತು ನೀರಿನೊಳಗೆ ಇರಬೇಕು, ಇದು ಆ ಹುಡುಗಿಯ ಆಸೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದೆವ್ವ ಬಿಡಿಸುವವನ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು.

ಊರು ಲೇಔಟ್ ಆಯಿತು. ಬಾವಿ ಬತ್ತಿತು, ಅದಕ್ಕೆ ಮಣ್ಣು ತುಂಬಿದರು, ಮೇಲೆ ಯಾರದೋ ಮೂರಂತಸ್ತಿನ ಮನೆ ಎದ್ದಿತು. ಅಂಜನಿಯನ್ನು ಕಟ್ಟಿಕೊಂಡ ಪುಣ್ಯಾತ್ಮ ಮಹದೇವ, ಪೀಣ್ಯದಲ್ಲಿ ಏರ್ ಕಂಪ್ರೆಸರ್ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ಬಸವೇಶ್ವರನಗರದಲ್ಲಿ ಮನೆಯಾಯಿತು, ಮೇಲಿನ ಪೋರ್ಷನ್ ಬಾಡಿಗೆಗೆ ಹೋಯಿತು, ಮಗಳು ಸ್ಪಂದನ ಹುಟ್ಟಿ, ಓದಿ, ಮದುವೆಯಾಗಿ ನಾಗರಬಾವಿಗೆ ಹೋದಳು. ಅಂಜನಿ ಅಂಜನಮ್ಮ ಆದಳು. ಮುಂದಿನ ಕೋಣೆಯಲ್ಲಿ ಕೂತು ಸೀರೆಗೆ ಫಾಲ್ಸ್ ಹಚ್ಚುತ್ತಾ, ಸೆರಗಿಗೆ ಕುಚ್ಚು ಕಟ್ಟುತ್ತಾ ಐವತ್ತೆರಡು ವರ್ಷಕ್ಕೆ ಬಂದಳು. ಕೂತು ಕೂತು ಮಂಡಿ ಹಿಡಿದುಕೊಂಡಿತು.

"ನೀರಲ್ಲಿ ನಡೀರಿ, ಮಂಡಿಗೆ ಒಳ್ಳೇದು" ಎಂದು ಚೀಟಿ ಬರೆದುಕೊಟ್ಟರು ಡಾಕ್ಟರು.

ನೋಡಿ, ಕಥೆ ಶುರುವಾದದ್ದು ಆ ಚೀಟಿಯಿಂದಲೇ.

ಹತ್ತಿರದ ಈಜುಕೊಳದಲ್ಲಿ ಬೆಳಿಗ್ಗೆ ಹತ್ತಕ್ಕೆ ಹೆಂಗಸರ ಬ್ಯಾಚು. ಜನವರಿಯ ಒಂದು ದಿನ ಅಂಜನಮ್ಮ ಎದೆಮಟ್ಟದ ನೀರಿನಲ್ಲಿ ಶಿಸ್ತಾಗಿ ನಡೆಯುತ್ತಿದ್ದಳು. ಆಚೆ ಆಳದ ಬದಿಯಲ್ಲಿ ನಾಲ್ಕು ಹುಡುಗಿಯರು ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿಕೊಂಡು ಏನೋ ಕಲಿಯುತ್ತಿದ್ದರು. ಅವರಿಗೆ ಕಲಿಸುತ್ತಿದ್ದವಳು ವಿಜಯನಗರದ ರಮ್ಯ, ಇನ್ನೂ ಮೂವತ್ತಾಗದ ಹುಡುಗಿ. ಅವರಲ್ಲೊಬ್ಬಳ ಸೊಂಟದಿಂದ ಸೀಸದ ತುಂಡುಗಳನ್ನು ಪೋಣಿಸಿದ ಬೆಲ್ಟು ಕಳಚಿ ಹನ್ನೆರಡು ಅಡಿ ಕೆಳಗೆ ಹೋಗಿ ಕೂತಿತು. ರಮ್ಯ ಮುಳುಗುವ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಬುಳುಕ್ ಎಂದು ಶಬ್ದವಾಯಿತು. ಮೂವತ್ತೈದು ವರ್ಷದಿಂದ ಸುಮ್ಮನಿದ್ದ ಮೈ ಯಾರನ್ನೂ ಕೇಳದೆ ಇಳಿದಿತ್ತು. ಅಂಜನಮ್ಮ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದಳು.

"ಇಗೋಮ್ಮ. ಗಟ್ಟಿಯಾಗಿ ಕಟ್ಕೋ."

"ಆಂಟಿ! ಯಾರ್ ನೀವು? ಐದ್ ಕೆಜಿ ಸೀಸ ಅದು!"

"ತುಂಬಿದ ಹಿತ್ತಾಳೆ ಕೊಡಕ್ಕಿಂತ ಹಗುರ ಕಣಮ್ಮ" ಎಂದು ಅಂಜನಮ್ಮ ಮುಖ ಒರೆಸಿಕೊಂಡಳು. ಕಣ್ಣು ಮಾತ್ರ ಸಿಲಿಂಡರಿನ ಮೇಲೇ ಇತ್ತು. "ಇದನ್ನ ಕಟ್ಕೊಂಡ್ರೆ ಎಷ್ಟ್ ಹೊತ್ತು ಒಳಗಿರಬೋದು?"

"ನಿಧಾನಕ್ಕೆ ಉಸಿರಾಡಿದ್ರೆ ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ!" ಅಂಜನಮ್ಮ ಕೊಳದ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. ಎಂಬತ್ತು ಎಣಿಕೆಯೆಲ್ಲಿ, ಮುಕ್ಕಾಲು ಗಂಟೆಯೆಲ್ಲಿ! "ನನಗೂ ಕಲಿಸ್ತೀಯಾ?"

ರಮ್ಯ ವಿವರ ಹೇಳಿದಳು. ಡಾಕ್ಟರ ಸರ್ಟಿಫಿಕೇಟು ಬೇಕು, ಕೊಳದಲ್ಲಿ ಪಾಠ, ಪುಸ್ತಕದ ಪರೀಕ್ಷೆ, ಆಮೇಲೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಕಡಲಿನಲ್ಲಿ ನಾಲ್ಕು ಸಲ ಮುಳುಗಬೇಕು. ನಾಲ್ಕೂ ಸರಿಯಾದರೆ ಕಾರ್ಡು. ಕಾರ್ಡಿದ್ದರೆ ಯಾವ ಕಡಲಿಗಾದರೂ ಇಳಿಯಬಹುದು, ಯಾರ ಶಿಷ್ಯೆಯೂ ಆಗಿರಬೇಕಾಗಿಲ್ಲ.

ಮನೆಗೆ ಬಂದು ಹೇಳಿದಾಗ, ಈಚೆಗೆ ರಿಟೈರಾಗಿದ್ದ ಮಹದೇವ ಪೇಪರಿನಿಂದ ತಲೆ ಎತ್ತಲಿಲ್ಲ. "ಮೀನು ಬೇಕಾದ್ರೆ ಮಾರ್ಕೆಟ್ಟಿಂದ ತರ್ತೀನಿ ಕಣೇ, ನೀನ್ಯಾಕೆ ಹೋಗ್ತೀಯ?"

ಪಕ್ಕದ ಮನೆಯ ಅನಂತಲಕ್ಷ್ಮಿ ಕಾಂಪೌಂಡಿನ ಮೇಲಿಂದಲೇ ಇಣುಕಿದಳು. "ಏನ್ರೀ ಅಂಜನಮ್ಮ, ಡೈವಿಂಗಂತೆ? ಮಗಳು ಬಸುರಿ. ಕುಲಾವಿ ಹೊಲಿಯೋ ವಯಸ್ಸಲ್ಲಿ ಸಮುದ್ರ ಹಾರ್ತಾರೇನ್ರೀ?"

ಸ್ಪಂದನ ಮಾತ್ರ ಫೋನಿನಲ್ಲಿ ಕಿರುಚಿದಳು. "ಮಾಡಮ್ಮ! ಆದ್ರೆ ಬೇಗ ಮಾಡು. ಸೆಪ್ಟೆಂಬರಿಗೆ ನನ್ನ ಹೆರಿಗೆ. ನಾನು ಬಂದು ಮಂಚ ಹಿಡಿದ್ರೆ ನಿನ್ನ ಬಿಡಲ್ಲ."

ತಮಾಷೆಗೆ ಹೇಳಿದರೂ ಮಾತು ನಿಜ. ಜೂನಿಗೆ ಮಳೆ ಹಿಡಿದರೆ ಕಡಲಿಗೆ ದೋಣಿ ಇಳಿಯುವುದಿಲ್ಲ. ಮತ್ತೆ ಇಳಿಯುವ ಹೊತ್ತಿಗೆ ಬಾಣಂತನ. ಬಾಣಂತಿಗೆ ನೀರು ಹಾಕಬೇಕು, ಮಗುವಿಗೆ ಎಣ್ಣೆ ತೀಡಬೇಕು. ಐದು ತಿಂಗಳು ಕಳೆದು ಮಗಳು ಕೆಲಸಕ್ಕೆ ಹೊರಟರೆ ಮಗುವನ್ನು ನೋಡಿಕೊಳ್ಳುವವರು ಯಾರು? ಅಜ್ಜಿಯೇ. ಮೊಮ್ಮಗುವನ್ನು ಕಂಕುಳಿಗೆ ಹಾಕಿಕೊಂಡವಳು ಯಾವ ಕಡಲಿಗೆ ಹೋದಾಳು? ಮೇ ತಿಂಗಳು ಮುಗಿಯುವುದರೊಳಗೆ ಕಾರ್ಡು ಬಂದರೆ ಬಂತು. ಇಲ್ಲದಿದ್ದರೆ ಇಲ್ಲ.

ಪಾಠ ಶುರುವಾಯಿತು. ಮೈಗಂಟುವ ರಬ್ಬರಿನ ಉಡುಪು ಹಾಕಿಕೊಳ್ಳುವುದೇ ಅರ್ಧ ಗಂಟೆಯ ಕುಸ್ತಿ. ತಾಳಿಯನ್ನು ಒಳಗೆ ಸೇರಿಸಿ ಜಿಪ್ ಎಳೆದಾಯಿತು. ಕಾಲಿಗೆ ಬಾತುಕೋಳಿಯಂಥ ಪಾದ ತೊಡುವಾಗ ಕಾಲುಂಗುರ ಅಡ್ಡ ಬಂತು. ತೆಗೆಯಲು ಮನಸ್ಸಾಗದೆ ಒದ್ದಾಡಿ, ಕೊನೆಗೆ ತೆಗೆದು, ಆ ಬೆರಳಿಗೆ ಅರಿಶಿನದ ದಾರ ಸುತ್ತಿಕೊಂಡಳು. ನೀರಿನೊಳಗೆ ರಮ್ಯ ಬೆರಳು ಮಡಚಿ "ಸರಿ ಇದೀರಾ?" ಎಂದು ಕೇಳಿದರೆ ಅಂಜನಮ್ಮ ನಮ್ಮ ರೂಢಿಯಂತೆ ತಲೆಯನ್ನು ಆಚೆಗಿಷ್ಟು ಈಚೆಗಿಷ್ಟು ಆಡಿಸುವಳು.

ಮೇಲೆ ಬಂದು ರಮ್ಯ ಕೈ ಮುಗಿದಳು. "ಆಂಟಿ, ತಲೆ ಆಡಿಸಬೇಡಿ. ಅದು ಹೂಂ ಅನ್ನೋದೋ ಊಹೂಂ ಅನ್ನೋದೋ ಗೊತ್ತಾಗಲ್ಲ. ಬೆರಳು ತೋರಿಸಿ."

"ಆಯ್ತಮ್ಮ" ಎಂದು ಅಂಜನಮ್ಮ ತಲೆ ಆಡಿಸಿದಳು.

ಕರೆದುಕೊಂಡು ಹೋಗಲು ಸ್ಕೂಟರಿನಲ್ಲಿ ಬಂದ ಮಹದೇವ ಮೂರು ದಿನ ಗೇಟಿನಾಚೆಯೇ ಮುಖ ತಿರುಗಿಸಿ ನಿಂತ. ನಾಲ್ಕನೆಯ ದಿನ ಸಿಲಿಂಡರಿನ ಮೀಟರು ಕಣ್ಣಿಗೆ ಬಿತ್ತು.

"ಎಷ್ಟ್ ಬಾರ್ ಒತ್ತಡಕ್ಕೆ ತುಂಬ್ತೀರಮ್ಮ ಇದನ್ನ?"

"ಇನ್ನೂರು, ಅಂಕಲ್."

"ಇನ್ನೂರಾ! ಹತ್ತು ಬಾರಿನ ಟ್ಯಾಂಕಿಗೆ ನಾವು ಮಾರು ದೂರ ನಿಲ್ತಿದ್ವಿ. ಇವಳು ಇನ್ನೂರು ಬಾರನ್ನ ಬೆನ್ನಿಗೆ ಕಟ್ಕೊಂಡವಳೆ!" ಅಂದಿನಿಂದ ಅವನು ಪಾಠ ಶುರುವಾಗುವ ಅರ್ಧ ಗಂಟೆ ಮೊದಲೇ ಬಂದು, ವಾಲ್ವು ಮುಟ್ಟಿ, ಪೈಪು ಸವರಿ, ಹೆಂಡತಿಯ ಸಿಲಿಂಡರನ್ನು ತಾನೇ ಪರೀಕ್ಷಿಸಿ ಕಳಿಸತೊಡಗಿದ. ಪುಸ್ತಕದ ಪರೀಕ್ಷೆಗೆ ಸ್ಪಂದನ ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು, ಮಹದೇವ ಗಾಳಿ ಒತ್ತಡದ ಪಾಠ ಹೇಳಿದ, ಅಂಜನಮ್ಮ ಕುಚ್ಚು ಕಟ್ಟುತ್ತಲೇ ಉರು ಹೊಡೆದಳು. ಐವತ್ತಕ್ಕೆ ನಲವತ್ತನಾಲ್ಕು ಬಂತು!

ಎಲ್ಲವೂ ಸಲೀಸು, ಒಂದನ್ನು ಬಿಟ್ಟು.

"ಒಂದೇ ಒಂದು ಕಾನೂನು ಆಂಟಿ" ಎಂದಿದ್ದಳು ರಮ್ಯ ಮೊದಲ ದಿನವೇ. "ನೀರೊಳಗೆ ಉಸಿರು ಹಿಡೀಬಾರದು. ಯಾವಾಗ್ಲೂ ಆಡ್ತಾ ಇರಬೇಕು."

ಬಾವಿಯ ಹುಡುಗಿಗೆ ಇದು ಉಲ್ಟಾ ಪಾಠ. ಅಷ್ಟೊಂದು ಬಿಂದಿಗೆ ಎತ್ತಿದ ಮೈ ಅದು. ನೀರು ಮುಖ ಮುಟ್ಟಿದ ಕೂಡಲೇ ಎದೆ ಬಾಗಿಲು ಹಾಕಿಕೊಂಡು ಚಿಲಕ ಜಡಿಯುತ್ತಿತ್ತು. ಸರಿಯಾಗಿ ಈಜು ಬಾರದ ಹುಡುಗಿಯರು ಮೂರೇ ದಿನಕ್ಕೆ ಬುಳುಬುಳು ಗುಳ್ಳೆ ಬಿಡುತ್ತಿದ್ದರೆ, ಅಂಜನಮ್ಮ ಕಲ್ಲಿನ ಗೊಂಬೆಯ ಹಾಗೆ ಗುಳ್ಳೆಯಿಲ್ಲದೆ ಕೂತಿರುತ್ತಿದ್ದಳು. ರಮ್ಯ ಹೆಗಲು ತಟ್ಟಿದರೆ ನೆನಪಾಗಿ ಒಂದು ಉಸಿರು. ತಟ್ಟಿ ತಟ್ಟಿ ಹೇಗೋ ಕೊಳದ ಪಾಠ ದಾಟಿಸಿದಳು.

ಮಾರ್ಚಿ ತಿಂಗಳಲ್ಲಿ ಮುರುಡೇಶ್ವರ. ದೋಣಿ ಒಂದೂವರೆ ಗಂಟೆ ಕುಲುಕಿ ನೇತ್ರಾಣಿಯ ಬಂಡೆಗಳ ಪಕ್ಕ ನಿಂತಿತು. ಅಂಜನಮ್ಮ ಮನೆದೇವರನ್ನು ನೆನೆದು ಬೆನ್ನು ಹಿಂದಕ್ಕೆ ಮಾಡಿ ಬಿದ್ದಳು.

ಅಯ್ಯೋ, ಅದನ್ನು ಹೇಗೆ ಹೇಳುವುದು! ಬಾವಿಯ ಆ ಬಿಸಿಲಿನ ಕಂಬ ಇಲ್ಲಿ ಕಾಡಿನಷ್ಟಿತ್ತು. ಕುಚ್ಚಿನ ದಾರದ ಡಬ್ಬ ಬೋರಲು ಬಿದ್ದ ಹಾಗೆ ಹಳದಿ, ನೀಲಿ, ರಾಣಿ ಬಣ್ಣದ ಮೀನುಗಳು. ಒಂದು ಹಿಂಡು ಬಂದು ಅವಳನ್ನು ನಡುವೆ ಬಿಟ್ಟುಕೊಂಡು ಎರಡಾಗಿ ಹರಿದು ಮುಂದೆ ಒಂದಾಯಿತು. ಅಂಜನಮ್ಮ ಬಾಯಲ್ಲಿ ಗಾಳಿಯ ನಳಿಗೆ ಕಚ್ಚಿಕೊಂಡೇ "ಯಪ್ಪಾ" ಎಂದಳು. ಆ "ಯಪ್ಪಾ" ಗುಳ್ಳೆಯಾಗಿ ಮೇಲೆ ಹೋಯಿತು. ಒಂದು, ಎರಡು, ಮೂರು ಸಲ ಇಳಿದದ್ದಾಯಿತು. ಮೂರೂ ಸಲ ಹೇಳಿದ ಕಸರತ್ತು ಮಾಡಿ ತೋರಿಸುವುದರಲ್ಲೇ ಹೊತ್ತು ಕಳೆಯಿತು. ನೋಡಿದ್ದು ಸಾಲಲಿಲ್ಲ. ಇರಲಿ, ಕಾರ್ಡು ಬಂದ ಮೇಲೆ ಕಣ್ತುಂಬ ನೋಡಿದರಾಯಿತು ಎಂದುಕೊಂಡಳು.

ನಾಲ್ಕನೆಯದು ಕಠಿಣದ್ದು. ಸಿಲಿಂಡರಿನ ಗಾಳಿ ಮುಗಿದೇ ಹೋಯಿತು ಎಂದುಕೊಂಡು, ಆರು ಮೀಟರ್ ಆಳದಿಂದ ಇಪ್ಪತ್ತು ಸೆಕೆಂಡಿನಲ್ಲಿ, ಆತುರಪಡದೆ ಮೇಲೆ ಬರಬೇಕು. ಅಷ್ಟು ಹೊತ್ತೂ "ಆ..." ಎನ್ನುತ್ತಾ ಉಸಿರು ಬಿಡುತ್ತಲೇ ಇರಬೇಕು. ರಮ್ಯ ಸನ್ನೆ ಮಾಡಿದಳು. ಅಂಜನಮ್ಮ ಮೇಲೆ ನೋಡಿದಳು, ಬೆಳಕು ಕಂಡಿತು. ಮೇಲೆ ಬೆಳಕು, ಕೆಳಗೆ ಗಾಳಿ ಇಲ್ಲ, ಬಾವಿಯಲ್ಲಿದ್ದ ಹಾಗೆಯೇ. ಅಷ್ಟು ಸಾಕಾಯಿತು ಹಳೆಯ ಮೈಗೆ. ಚಿಲಕ ಬಿತ್ತು. ಒಂದು ಗುಳ್ಳೆಯಿಲ್ಲ. ಎರಡು ಮೀಟರ್ ಏರುವುದರೊಳಗೆ ರಮ್ಯ ಅವಳ ಜಾಕೆಟ್ಟು ಹಿಡಿದು ಎಳೆದು ನಿಲ್ಲಿಸಿ, ಎದೆ ತಟ್ಟಿ ಉಸಿರು ಬಿಡಿಸಿದಳು. ಮತ್ತೊಂದು ಸಲ ಮಾಡಿಸಿದಳು. ಮತ್ತೆ ಅದೇ.

ದೋಣಿಯ ಮೇಲೆ ರಮ್ಯಳ ಮುಖ ಸಪ್ಪಗಿತ್ತು. "ಆಂಟಿ, ನಿಮ್ಮ ಥರ ನೀರಲ್ಲಿ ಹೆದರದೇ ಇರೋರನ್ನ ನಾನು ನೋಡಿಲ್ಲ. ಆದ್ರೆ ಇದಕ್ಕೆ ಸೈನ್ ಮಾಡಲ್ಲ. ಮಾಡಿದ್ರೆ ನಿಮ್ಮನ್ನ ನಾನೇ ಸಾಯ್ಸಿದ ಹಾಗೆ."

ಅಂಜನಮ್ಮ ತಲೆ ಆಡಿಸಲಿಲ್ಲ. ಬೆರಳೂ ತೋರಿಸಲಿಲ್ಲ.

ಕಾರ್ಡಿಲ್ಲದೆ ಮನೆಗೆ ಬಂದವಳನ್ನು ಅನಂತಲಕ್ಷ್ಮಿ ಗೇಟಿನಲ್ಲೇ ಹಿಡಿದಳು. "ಪಾಸಾ ಫೇಲಾ?"

"ಮೂರು ಪಾಸು, ಒಂದು ಬಾಕಿ."

"ಬಿಟ್ಹಾಕಿ ಅತ್ಲಾಗೆ. ಮೂರು ಸಲ ನೋಡಿದ್ರಲ್ಲ, ಮೀನು ಅದೇ ಮೀನು."

ರಾಗಿಮುದ್ದೆ ಮುರಿಯುತ್ತಾ ಅಂಜನಮ್ಮ ಗಂಡನಿಗೆ ಹೇಳಿಕೊಂಡಳು. "ಅಲ್ಲಾರೀ, ಬಾವೀಲಿ ಅಷ್ಟ್ ವರ್ಷ ಉಸಿರು ಹಿಡಿದೇ ಮೇಲೆ ಬಂದಿದೀನಿ. ಆಗ ಸಾಯ್ಲಿಲ್ಲ, ಈಗ ಸಾಯ್ತೀನಾ?"

ಮಹದೇವ ಅವಳ ಕಡೆ ತಿರುಗಿ ಕೂತ. ಮೂವತ್ತು ವರ್ಷದ ನೌಕರಿ ಅವನ ನಾಲಗೆಗೆ ಬಂತು. "ಬಾವಿಗೆ ಹೋಗುವಾಗ ಗಾಳಿ ಎಲ್ಲಿ ತುಂಬಿಸ್ಕೊಂಡೆ? ಮೇಲೆ. ಕೆಳಗೆ ಹೋದಾಗ ಅದು ಕುಗ್ಗಿತು, ಮೇಲೆ ಬಂದಾಗ ಇದ್ದಷ್ಟೇ ಆಯ್ತು. ಈಗ ಎಲ್ಲಿ ತುಂಬಿಸ್ಕೋತೀಯ? ಕೆಳಗೆ, ಒತ್ತಡದಲ್ಲಿ. ಅದನ್ನ ಹಿಡ್ಕೊಂಡು ಮೇಲೆ ಬಂದ್ರೆ ಹಿಗ್ಗುತ್ತೆ ಕಣೇ. ಸೇಫ್ಟಿ ವಾಲ್ವು ಮುಚ್ಚಿದ ಟ್ಯಾಂಕು ಏನಾಗುತ್ತೆ? ಢಮಾರ್. ಬಾಯೇ ನಿನ್ನ ವಾಲ್ವು. ತೆಗೆದಿಟ್ಕೋ."

ಬುದ್ಧಿಗೆ ಪಾಠ ಹತ್ತಿತು. ಎದೆಗೆ ಹತ್ತಬೇಕಲ್ಲ? ನೀರಿನ ಬಕೆಟ್ಟಿಗೆ ಮುಖ ಅದ್ದಿ "ಆ..." ಎಂದು ಅಭ್ಯಾಸ ಮಾಡಿದಳು. ಮೂರನೇ ಸೆಕೆಂಡಿಗೆ ಚಿಲಕ. ಏಪ್ರಿಲ್ ಬಂತು. ಮಳೆಗೆ ಇನ್ನು ಎಷ್ಟು ದಿನ ಎಂದು ಕ್ಯಾಲೆಂಡರು ನೋಡುವುದೇ ಕೆಲಸವಾಯಿತು.

ಆಗ ಪಕ್ಕದ ರಸ್ತೆಯಲ್ಲಿ ಮದುವೆ. ಚಪ್ಪರದ ದಿನ ಹಸೆಗೆ ಕೂರಿಸಿದಾಗ ಸೋಬಾನೆ ಹೇಳಲು ಅಂಜನಮ್ಮನೇ ಬರಬೇಕು. ಬಸವೇಶ್ವರನಗರದಲ್ಲಿ ಈಗ ಆ ಹಾಡು ಬರುವವರೇ ಕಡಿಮೆ. ಅವಳು ಎತ್ತಿದರೆ ಮಿಕ್ಕವರು ಸೊಲ್ಲು ಹಿಡಿಯುತ್ತಿದ್ದರು.

"ಅಂಗಳಕೆ ಹಸಿರು ಚಪ್ಪರ ಹಾಕಿರೇ, ತಂಗಿಗೆ ಅರಿಶಿನ ತೊಡೆಯಿರೇ, ಸೋ..."

ಆ "ಸೋ" ಎನ್ನುವುದನ್ನು ಬೋರಮ್ಮ ಹೇಳಿಕೊಟ್ಟ ಹಾಗೆ ಎಳೆಯಬೇಕು. ಕೂಡಿ ಹಾಡುವವರು ತಾಂಬೂಲ ಜಗಿದು ಮುಗಿಸಿ ಸೊಲ್ಲು ಹಿಡಿಯುವ ತನಕ ಅದು ತೆಳ್ಳಗೆ ಎಳೆಯಾಗಿ ಹೋಗುತ್ತಲೇ ಇರಬೇಕು. ಉಪ್ಪಿಟ್ಟಿನ ತಟ್ಟೆ ಹಿಡಿದು ಕಂಬಕ್ಕೆ ಒರಗಿದ್ದ ಮಹದೇವ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟು ವಾಚು ನೋಡತೊಡಗಿದ. ಎರಡನೆಯ ಸೊಲ್ಲಿಗೆ ಎದ್ದು ನಿಂತ. ಮೂರನೆಯದಕ್ಕೆ ಹೆಂಗಸರನ್ನು ದಾಟಿಕೊಂಡು ಹಸೆಯ ತನಕ ಬಂದೇಬಿಟ್ಟ.

"ಲೇ! ಇಪ್ಪತ್ತೆರಡು ಸೆಕೆಂಡು!"

"ಏನ್ರೀ ಇದು, ಗಂಡಸರು ಇಲ್ಲಿ..." ಎಂದು ಮದುಮಗಳ ತಾಯಿ ಅಡ್ಡ ಬಂದಳು.

"ಇಪ್ಪತ್ತೆರಡು ಸೆಕೆಂಡು ಉಸಿರು ಬಿಡ್ತಾನೇ ಇದ್ದೆ ಕಣೇ! ಮೂರು ಸಲ ನೋಡ್ದೆ. ಆ ರಮ್ಯಂಗೆ ಬೇಕಾಗಿರೋದು ಇಪ್ಪತ್ತೇ!"

ಮದುಮಗಳ ತಾಯಿಗೆ ಏನೂ ಅರ್ಥವಾಗಲಿಲ್ಲ. ಅಂಜನಮ್ಮನಿಗೆ ಅರ್ಥವಾಯಿತು. ಅವಳು ಎಷ್ಟು ಹಿಗ್ಗಿದಳೆಂದರೆ, ಮುಂದಿನ ಸೊಲ್ಲು ಮರೆತು ಮೊದಲಿನಿಂದ ಶುರು ಮಾಡಿದಳು. ಆ ಹುಡುಗಿಗೆ ಎರಡು ಸಲ ಅರಿಶಿನ ಹಚ್ಚಿಸಿಕೊಂಡ ಭಾಗ್ಯ.

ಮರುದಿನವೇ ಕೊಳ. ಎರಡು ಸಾರಿ ಮುಳುಗಿ, ನಳಿಗೆ ಕಚ್ಚಿಕೊಂಡೇ ಗಂಟಲಿನಲ್ಲಿ "ಸೋ" ಎಳೆದಳು. ಗುಳ್ಳೆ ಮಲ್ಲಿಗೆ ದಂಡೆಯ ಹಾಗೆ ಕಡಿಯದೆ ಬಂತು. ಕೊಳದ ಉದ್ದಕ್ಕೂ ಬಂತು. ರಮ್ಯ ಮೇಲೆ ಬಂದವಳೇ ಕನ್ನಡಕ ಕಿತ್ತಳು.

"ಆಂಟಿ, ಏನೋ ಹಾಡ್ತಿದ್ರಲ್ಲ? ನನಗೆ ಕೇಳ್ಸ್ತು!"

"ಸೋಬಾನೆ ಕಣಮ್ಮ. ನಿನ್ನ ಮದುವೇಲೂ ಹೇಳ್ತೀನಿ. ಮೊದಲು ಸಮುದ್ರಕ್ಕೆ ಕರ್ಕೊಂಡ್ ಹೋಗು."

ಏಪ್ರಿಲ್ ಕೊನೆಯ ಶನಿವಾರ, ಅದೇ ಬಂಡೆ, ಅದೇ ಆರು ಮೀಟರ್. ರಮ್ಯ ಎದುರಿಗೆ ಬಂದು ಕುತ್ತಿಗೆಗೆ ಅಡ್ಡಲಾಗಿ ಕೈ ಎಳೆದಳು: ಗಾಳಿ ಮುಗಿಯಿತು. ಮೇಲೆ ಬೆಳಕು. ಎದೆಯ ಬಾಗಿಲು ಮುಚ್ಚಲು ಬಂತು ನೋಡಿ, ಅಂಜನಮ್ಮ ಅದಕ್ಕೆ ಕಾಲು ಅಡ್ಡ ಕೊಟ್ಟಳು. "ಸೋ..." ಎಂದು ಎತ್ತಿದಳು. ಒಂದು ಕೈ ಮೇಲೆ ಚಾಚಿ, ಪಾದ ಮೆಲ್ಲಗೆ ಆಡಿಸುತ್ತಾ ಏರಿದಳು. ಐದು ಮೀಟರ್. ನಾಲ್ಕು. ಅಚ್ಚರಿಯೆಂದರೆ ಉಸಿರು ಮುಗಿಯಲೇ ಇಲ್ಲ. ಮಹದೇವ ಹೇಳಿದ ಹಾಗೆ ಗಾಳಿ ಒಳಗೆ ಹಿಗ್ಗುತ್ತಾ, ಬಿಟ್ಟಷ್ಟೂ ಮತ್ತಷ್ಟು ಬರುತ್ತಾ ಇತ್ತು. ಚಪ್ಪರದ ಕೆಳಗೆ ಇಪ್ಪತ್ತೆರಡಕ್ಕೆ ಸೋತ ಸೊಲ್ಲು ಇಲ್ಲಿ ಅವಳನ್ನೇ ಎತ್ತಿಕೊಂಡು ಹೋಗುತ್ತಿತ್ತು. ಎರಡು ಮೀಟರ್. ಒಂದು. ನೀರು ಒಡೆಯಿತು. ತಲೆ ಆಕಾಶಕ್ಕೆ ಬಂದರೂ ಅವಳು "ಸೋ" ಎನ್ನುತ್ತಲೇ ಇದ್ದಳು.

ದೋಣಿಯವರು ಗಾಬರಿಯಾಗಿ ಇಣುಕಿದರು. ರಮ್ಯ ನೀರಿನಲ್ಲೇ ಅವಳನ್ನು ತಬ್ಬಿಕೊಂಡು, "ಆಯ್ತು ಆಂಟಿ, ಆಯ್ತು, ನಿಲ್ಸಿ, ಉಸಿರು ತಗೊಳಿ!" ಎಂದು ನಕ್ಕಳು. ಅಂದೇ ಸಂಜೆ ಫೋನಿಗೆ ಕಾರ್ಡು ಬಂತು. ಅಂಜನಮ್ಮನ ಫೋಟೋ, ಕೆಳಗೆ ಹೆಸರು, ಹದಿನೆಂಟು ಮೀಟರ್ ತನಕ ಇಳಿಯಬಹುದು ಎಂಬ ಒಪ್ಪಿಗೆ. ಮಹದೇವ ಅದನ್ನು ಪೀಣ್ಯದ ಹಳೆಯ ಗೆಳೆಯರಿಗೆಲ್ಲ ಕಳಿಸಿ, ಸಿಲಿಂಡರಿನ ಒತ್ತಡ ಎಷ್ಟು ಎಂಬುದನ್ನು ಕೆಳಗೆ ಬರೆದ.

ಮೇ ಕೊನೆಗೆ ಪಡುವಣದಲ್ಲಿ ಮೋಡ ಕಟ್ಟತೊಡಗಿದಾಗ ರಮ್ಯಳ ಫೋನು ಬಂತು. "ಆಂಟಿ, ಈ ಸೀಸನ್ನಿನ ಕೊನೇ ಬೋಟು. ಒಂದು ಸೀಟಿದೆ. ಪಾಠ ಇಲ್ಲ, ಪರೀಕ್ಷೆ ಇಲ್ಲ. ನೀವು ಸುಮ್ನೆ ನೋಡ್ಕೊಂಡಿರಬೋದು."

"ಎಷ್ಟ್ ಹೊತ್ತು?"

"ಗಾಳಿ ಇರೋ ತನಕ."

ಮೂರು ಸೀರೆಯ ಕುಚ್ಚು ಬಾಕಿಯಿತ್ತು. ಅನಂತಲಕ್ಷ್ಮಿಯ ನಾದಿನಿಯ ರೇಷ್ಮೆ ಸೀರೆಯೂ ಅದರಲ್ಲಿತ್ತು. ಮೂರನ್ನೂ ಮಡಚಿ ಕಪಾಟಿಗಿಟ್ಟಳು. ಶನಿವಾರ ಸ್ಪಂದನಳನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುವ ಸರದಿ ಅವಳದು ಎಂದು ನೆನಪಾಗಿ ಬಾಗಿಲಲ್ಲೇ ನಿಂತಳು.

"ನಾನು ಕರ್ಕೊಂಡ್ ಹೋಗ್ತೀನಿ, ನೀನು ನಡಿ" ಎಂದ ಮಹದೇವ. "ಗಾಳಿ ಮೀಟರ್ ನೋಡ್ಕೋತಾ ಇರು. ಐವತ್ತಕ್ಕೆ ಬಂದ್ರೆ ಮೇಲೆ ಬಾ. ಇನ್ನೊಂದ್ ಚೂರು ನೋಡ್ತೀನಿ ಅಂತ ಕೂರಬೇಡ, ನಿನ್ನ ಬುದ್ಧಿ ನನಗೊತ್ತು."

ಸಂಜೆ ಐದರ ಬಿಸಿಲು. ಬಾಣಂತನದ ಮೊದಲು ಅವಳು ಕಡಲಿಗೆಂದು ಆ ಮನೆ ಬಿಟ್ಟದ್ದು ಅದೇ ಕೊನೆ. ತುಳಸಿಗೆ ನೀರು ಹಾಕುತ್ತಿದ್ದ ಅನಂತಲಕ್ಷ್ಮಿ ಚೊಂಬು ಹಿಡಿದೇ ಕೇಳಿದಳು. "ಪಾಸಾಯ್ತಲ್ಲ, ಮತ್ತೆ ಯಾಕ್ರೀ? ಮೀನು ಅದೇ ಮೀನು ತಾನೆ?"

"ಇಷ್ಟ್ ದಿನ ಮೀನೇ ನನ್ನ ನೋಡ್ತಿದ್ವು ಕಣ್ರೀ" ಎಂದಳು ಅಂಜನಮ್ಮ. "ನಾನಿನ್ನೂ ಸರಿಯಾಗಿ ನೋಡೇ ಇಲ್ಲ."

ಆಟೋ ಬಂದು ನಿಂತಿತು. ಮೆಟ್ಟಿಲನ್ನು ಎರಡೆರಡಾಗಿ ಇಳಿದವಳಿಗೆ ಮಂಡಿಯ ನೆನಪೇ ಇಲ್ಲ. ಚೀಲ ಒಳಗೆಸೆದು ಹತ್ತಿ ಕೂತಳು.

"ಲೇ, ಗೇಟ್ ಹಾಕ್ಕೊಂಡ್ ಹೋಗೇ!" ಎಂದು ಮಹದೇವ ಒಳಗಿಂದ ಕೂಗುವಾಗ ಆಟೋ ಮೂಲೆ ತಿರುಗಿಯಾಗಿತ್ತು.